ಗಾಲಿಕುರ್ಚಿಯನ್ನು ಕಟ್ಟೆ, ಗಟಾರ, ಏರು, ಎರೆಮಣ್ಣು ದಾಟಿಸುವುದು ಹೇಗೆ?

ಗಾಲಿಕುರ್ಚಿಯಲ್ಲಿ ಕೂತವರನ್ನು ಫುಟ್‌ಪಾತಿನಿಂದ ರಸ್ತೆಗೆ ಇಳಿಸುವಾಗ ಅವರ ಮುಖ ರಸ್ತೆಯ ಕಡೆಗಿರಬೇಕೋ, ಬೆನ್ನು ರಸ್ತೆಯ ಕಡೆಗಿರಬೇಕೋ ಎಂಬುದು ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ. ಬೆನ್ನು ರಸ್ತೆಯ ಕಡೆಗಿರಬೇಕು. ಹತ್ತುವಾಗ ಮುಖ ಮುಂದೆ, ಇಳಿಯುವಾಗ ಬೆನ್ನು ಮುಂದೆ. ಒಬ್ಬರೇ ನೂಕುತ್ತಿದ್ದರೆ ಅವರ ದೇಹ ಯಾವಾಗಲೂ ತಗ್ಗಿನ ಬದಿಗೆ. ಇಷ್ಟನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಉಳಿದ ಅರ್ಧಕ್ಕೆ ಕುರ್ಚಿಯ ಸ್ವಭಾವವನ್ನು ತಿಳಿದುಕೊಳ್ಳಬೇಕಾಗುತ್ತದೆ, ಏಕೆಂದರೆ ನಮ್ಮ ಊರುಗಳಲ್ಲಿ ಮನೆಯ ಹೊಸ್ತಿಲಿನಿಂದ ಓಣಿಯ ಗಟಾರದವರೆಗೆ, ಗಟಾರದಿಂದ ಡಾಂಬರು ರಸ್ತೆಯವರೆಗೆ ಹತ್ತು ಹೆಜ್ಜೆಗೊಂದು ಅಡೆತಡೆ ಇರುತ್ತದೆ.

ಸಾಮಾನ್ಯ ಗಾಲಿಕುರ್ಚಿಗೆ ಹಿಂದೆ ಎರಡು ದೊಡ್ಡ ಗಾಲಿಗಳು, ಮುಂದೆ ಎರಡು ಚಿಕ್ಕ ಗಾಲಿಗಳು. ಈ ಚಿಕ್ಕ ಗಾಲಿಗೆ ಕ್ಯಾಸ್ಟರ್ ಎನ್ನುತ್ತಾರೆ. ಅದು ತನ್ನನ್ನು ಹಿಡಿದಿರುವ ಕವಲಿನ ಸಮೇತ ಯಾವ ದಿಕ್ಕಿಗೆ ಬೇಕಾದರೂ ತಿರುಗುತ್ತದೆ. ಹಿಂದಿನ ಗಾಲಿ 24 ಇಂಚಿನದಾದರೆ ಕ್ಯಾಸ್ಟರ್ ಹೆಚ್ಚೆಂದರೆ 8 ಇಂಚು, ಅಂದರೆ ಅದರ ನಡುಬಿಂದು ನೆಲದಿಂದ ಕೇವಲ 10 ಸೆಂ.ಮೀ. ಎತ್ತರದಲ್ಲಿರುತ್ತದೆ. ಕಟ್ಟೆಯ ಅಂಚು ಈ ನಡುಬಿಂದುವಿಗಿಂತ ಎತ್ತರವಿದ್ದರೆ ಎಷ್ಟೇ ಬಲ ಹಾಕಿ ನೂಕಿದರೂ ಗಾಲಿ ಏರುವುದಿಲ್ಲ. ಎತ್ತರ 5 ಸೆಂ.ಮೀ. ಮಾತ್ರ ಇದ್ದಾಗಲೂ ಕ್ಯಾಸ್ಟರ್ ಅದನ್ನು ಏರಬೇಕಾದರೆ ತನ್ನ ಮೇಲಿರುವ ಭಾರದ ಒಂದೂಮುಕ್ಕಾಲು ಪಟ್ಟಿನಷ್ಟು ಬಲ ಬೇಕು; ಅದೇ ಅಡ್ಡಿಯನ್ನು ಹಿಂದಿನ ದೊಡ್ಡ ಗಾಲಿ ಭಾರದ ಮೂರನೆಯ ಎರಡು ಪಾಲಿನಷ್ಟು ಬಲದಲ್ಲಿ ಏರಿಬಿಡುತ್ತದೆ. ಚಿಕ್ಕ ಗಾಲಿ ತಟ್ಟನೆ ನಿಂತಾಗ ಕುರ್ಚಿ ನಿಲ್ಲುತ್ತದೆ, ಕೂತವರು ನಿಲ್ಲುವುದಿಲ್ಲ, ಮುಂದಕ್ಕೆ ಮುಗ್ಗರಿಸುತ್ತಾರೆ. ಮುಂದೆ ಹೇಳುವ ಬಹುತೇಕ ಎಲ್ಲ ವಿಧಾನಗಳೂ ಒಂದೇ ಉಪಾಯದ ಬೇರೆ ಬೇರೆ ರೂಪಗಳು: ಅಡ್ಡಿ ಎದುರಾದಾಗ ಚಿಕ್ಕ ಗಾಲಿಯ ಮೇಲಿನ ಭಾರವನ್ನು ತೆಗೆಯಬೇಕು, ಇಲ್ಲವೇ ದೊಡ್ಡ ಗಾಲಿಯನ್ನು ಮೊದಲು ಕಳಿಸಬೇಕು.

ಹಂತ 1. ಹೊರಡುವ ಮೊದಲು ಕುರ್ಚಿಯನ್ನು ನೋಡುವುದು

ಬ್ರೇಕಿನಿಂದ ಆರಂಭಿಸಿ. ಗಾಲಿಕುರ್ಚಿಯ ಬ್ರೇಕು ಟೈರನ್ನೇ ಒತ್ತಿ ಹಿಡಿಯುವಂಥದ್ದು, ಹೀಗಾಗಿ ಟೈರಿನಲ್ಲಿ ಗಾಳಿ ಕಡಿಮೆಯಾದರೆ ಬ್ರೇಕೂ ಸಡಿಲಾಗುತ್ತದೆ. ಎಷ್ಟು ಗಾಳಿ ಬೇಕೆಂಬುದು ಟೈರಿನ ಪಕ್ಕದಲ್ಲಿಯೇ ಅಚ್ಚಾಗಿರುತ್ತದೆ. ಬ್ರೇಕ್ ಹಾಕಿ ಖಾಲಿ ಕುರ್ಚಿಯನ್ನು ನೂಕಿ ನೋಡಿ. ಗಾಲಿ ತಿರುಗಿದರೆ ಅಂದು ಏರು ಇಳಿಜಾರಿನ ದಾರಿ ಬೇಡ. ಈ ಬ್ರೇಕು ನಿಂತ ಕುರ್ಚಿಯನ್ನು ನಿಲ್ಲಿಸಿಡುವುದಕ್ಕೆ ಮಾತ್ರ. ಚಲಿಸುತ್ತಿರುವ ಕುರ್ಚಿಯ ವೇಗವನ್ನು ತಗ್ಗಿಸಲು ಅದನ್ನು ಎಳೆದರೆ ಒಂದು ಗಾಲಿ ಮೊದಲು ಕಚ್ಚಿಕೊಂಡು ಕುರ್ಚಿ ಗಿರಕ್ಕನೆ ತಿರುಗುತ್ತದೆ.

ಎರಡನೆಯದು ನೂಕುವ ಹಿಡಿಕೆಯ ರಬ್ಬರ್ ಕವಚ. ಬಿಸಿಲಿಗೆ ಸಡಿಲಾದ ಹಳೆಯ ಕವಚವನ್ನು ತಿರುಗಿಸಿದರೆ ತಿರುಗುತ್ತದೆ, ಎಳೆದರೆ ಕೈಗೇ ಬಂದುಬಿಡುತ್ತದೆ. ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಪೂರ್ತಿ ಭಾರ ನಿಮ್ಮ ಎರಡು ಮುಷ್ಟಿಗಳಲ್ಲಿ ಇರುವಾಗ ಹಾಗೆ ಕಳಚಿಬಂದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಅಂಥ ಕವಚವನ್ನು ಬದಲಿಸಿ, ಇಲ್ಲವೇ ತೆಗೆದು ಅಂಟು ಹಚ್ಚಿ ಕೂರಿಸಿ, ಪೂರ್ತಿ ಒಣಗಿ ಗಟ್ಟಿಯಾದ ಮೇಲೆಯೇ ಕುರ್ಚಿಯನ್ನು ಹೊರಗೆ ಒಯ್ಯಿರಿ.

ಕಾಲಿಡುವ ಹಲಗೆಗೂ ನೆಲಕ್ಕೂ ನಡುವೆ ಕನಿಷ್ಠ 5 ಸೆಂ.ಮೀ. ಅಂತರವಿರಲಿ. ಕೆಲವು ಕುರ್ಚಿಗಳಿಗೆ ಹಿಂದೆ ಬೀಳದಂತೆ ತಡೆಯುವ ಎರಡು ಪುಟ್ಟ ಗಾಲಿಗಳಿರುತ್ತವೆ. ಅವು ಕಟ್ಟೆ ಹತ್ತುವಾಗ ಸಿಕ್ಕಿಹಾಕಿಕೊಳ್ಳುವುದರಿಂದ ಆ ಹೊತ್ತಿಗೆ ಮೇಲಕ್ಕೆ ತಿರುಗಿಸಿ, ದಾಟಿದ ಕೂಡಲೇ ಮತ್ತೆ ಕೆಳಗೆ ಮಾಡಬೇಕು. ಸಂತೆಯ ಚೀಲವನ್ನು ಹಿಡಿಕೆಗೆ ತೂಗುಹಾಕುವ ರೂಢಿ ನಮ್ಮಲ್ಲಿ ಬಹಳ. ಏರಿನಲ್ಲಿ ಆ ಭಾರವೇ ಕುರ್ಚಿಯನ್ನು ಹಿಂದಕ್ಕೆ ಎಳೆಯುತ್ತದೆ. ಕೂತವರು ಎದ್ದ ತಕ್ಷಣ ಕುರ್ಚಿ ಅಂಗಾತ ಬೀಳುತ್ತದೆ. ಚೀಲ ಸೀಟಿನ ಕೆಳಗಿರಲಿ.

ಹಂತ 2. ಕೂತವರನ್ನು ಸಿದ್ಧಗೊಳಿಸುವುದು

ಸೊಂಟ ಪೂರ್ತಿ ಹಿಂದಕ್ಕೆ ಸರಿದು ಬೆನ್ನು ಆನಿಕೆಗೆ ತಾಗಿರಬೇಕು. ಬೆಲ್ಟ್ ಇದ್ದರೆ ಅದು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಗೆ ಅಡ್ಡವಾಗಿ, ತೊಡೆಯ ಬುಡದಲ್ಲಿ ಕೂರಬೇಕು. ಬೆಲ್ಟ್ ಇಲ್ಲದ ಕುರ್ಚಿಗೆ ಅಗಲವಾದ ಹತ್ತಿ ಬಟ್ಟೆಯನ್ನು ಅದೇ ಜಾಗದಲ್ಲಿ ಕಟ್ಟಿ, ಗಂಟನ್ನು ಒಂದೇ ಎಳೆತಕ್ಕೆ ಬಿಚ್ಚುವಂತೆ ಪಕ್ಕದಲ್ಲಿ ಹಾಕಿ. ಎದೆಗೆ ಮಾತ್ರ ಕಟ್ಟಬೇಡಿ, ಜಾರಿದರೆ ಅದು ಕುತ್ತಿಗೆಗೆ ಬರುತ್ತದೆ. ಸೀರೆಯ ಸೆರಗು, ಧೋತರದ ಚುಂಗು, ಶಾಲು ಇವೆಲ್ಲ ತೊಡೆಯ ಕೆಳಗೆ ಸೇರಿರಲಿ. ಸೆರಗು ಗಾಲಿಯ ಕಡ್ಡಿಗಳಿಗೆ ಸುತ್ತಿಕೊಂಡರೆ ಹಿಂದೆ ನಿಂತು ನೂಕುವವರಿಗೆ ಅದು ಕಾಣುವುದೇ ಇಲ್ಲ. ಮೂತ್ರದ ಚೀಲ ಇದ್ದವರಿಗೆ ಅದರ ನಳಿಕೆಯೂ ಗಾಲಿಯಿಂದ ದೂರವಿದೆಯೇ ಎಂದು ನೋಡಬೇಕು. ಕೈಗಳು ತೊಡೆಯ ಮೇಲೋ ತೋಳಾಸರೆಯ ಮೇಲೋ ಇರಲಿ, ಗಾಲಿಯ ಮೇಲೆ ಬೇಡ.

ಕುತ್ತಿಗೆಯ ಬಲ ಕಡಿಮೆ ಇರುವವರನ್ನು, ಬೆನ್ನುಮೂಳೆಗೆ ಇಲ್ಲವೇ ಸೊಂಟದ ಕೀಲಿಗೆ ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರನ್ನು ಹಿಂದಕ್ಕೆ ವಾಲಿಸಬಹುದೇ ಎಂಬುದನ್ನು ಅವರ ಫಿಜಿಯೋಥೆರಪಿಸ್ಟರನ್ನು ಕೇಳಿಯೇ ನಿರ್ಧರಿಸಿ.

ಇನ್ನು ಮಾತು. ಪ್ರತಿ ಚಲನೆಗೂ ಮೊದಲು ಹೇಳಿ, ಉತ್ತರ ಬಂದ ಮೇಲೆ ಮಾಡಿ. “ಹಿಂದಕ್ಕ ವಾಲಸ್ತೇನ್ರಿ ಅಜ್ಜಾರ” ಎಂದು ನೀವು, “ಹೂಂ, ವಾಲಸಪಾ” ಎಂದು ಅವರು. ಇದು ಬರೀ ಸೌಜನ್ಯವಲ್ಲ. ಹೇಳದೆ ವಾಲಿಸಿದರೆ ಕೂತವರು ಗಾಬರಿಯಾಗಿ ಮುಂದಕ್ಕೆ ಬಾಗುತ್ತಾರೆ ಅಥವಾ ಗಾಲಿಯನ್ನೇ ಹಿಡಿದುಬಿಡುತ್ತಾರೆ, ಎರಡೂ ಅಪಾಯ. ಹೇಗೆ ದಾಟುವುದೆಂಬ ತೀರ್ಮಾನವೂ ಸಾಧ್ಯವಾದಷ್ಟು ಅವರದೇ ಇರಲಿ. ವರ್ಷಗಟ್ಟಲೆ ಆ ಕುರ್ಚಿಯಲ್ಲಿ ಓಡಾಡಿದವರಿಗೆ ಅದರ ಗುಣ ನೂಕುವವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಹಂತ 3. ಹಿಂದಕ್ಕೆ ವಾಲಿಸುವುದನ್ನು ಕಲಿಯುವುದು

ಇದು ಬಾರದೆ ಮುಂದಿನ ಯಾವ ಹಂತವೂ ಬಾರದು. ಕುರ್ಚಿಯ ಹಿಂಬದಿಯಲ್ಲಿ, ನೆಲದ ಹತ್ತಿರ, ಎರಡೂ ಪಕ್ಕದಲ್ಲಿ ತುದಿಗೆ ರಬ್ಬರ್ ಟೋಪಿ ಇರುವ ಒಂದೊಂದು ಗಿಡ್ಡ ಪೈಪು ಹಿಂದಕ್ಕೆ ಚಾಚಿಕೊಂಡಿರುತ್ತದೆ. ಅದು ಯಾಕಿದೆ ಎಂದು ಬಹಳ ಜನ ಕೇಳುವುದೇ ಇಲ್ಲ. ಅದು ಕಾಲಿನಿಂದ ಮೆಟ್ಟುವ ಸನ್ನೆಗೋಲು.

ಮೊದಲು ಸಮತಟ್ಟಾದ ಅಂಗಳದಲ್ಲಿ ಖಾಲಿ ಕುರ್ಚಿಯೊಂದಿಗೆ ಅಭ್ಯಾಸ ಮಾಡಿ. ಆಮೇಲೆ ಆರೋಗ್ಯವಂತರೊಬ್ಬರನ್ನು ಕೂರಿಸಿ, ಪಕ್ಕದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿಕೊಂಡು ಮಾಡಿ. ಬ್ರೇಕ್ ತೆಗೆದಿರಬೇಕು. ಎರಡೂ ಹಿಡಿಕೆಗಳನ್ನು ಗಟ್ಟಿಯಾಗಿ ಹಿಡಿದು, ಒಂದು ಪಾದವನ್ನು ಪೈಪಿನ ಮೇಲಿಟ್ಟು ಕೆಳಕ್ಕೂ ಮುಂದಕ್ಕೂ ಮೆಟ್ಟುತ್ತ, ಅದೇ ಹೊತ್ತಿಗೆ ಹಿಡಿಕೆಗಳನ್ನು ಕೆಳಕ್ಕೂ ಹಿಂದಕ್ಕೂ ಎಳೆಯಿರಿ. ಕ್ಯಾಸ್ಟರುಗಳು ಮೇಲೇಳುತ್ತವೆ. ಆರಂಭದಲ್ಲಿ ಕೈಗೆ ಭಾರವೆನಿಸುತ್ತದೆ, ಇನ್ನಷ್ಟು ವಾಲಿಸಿದಂತೆ ಒಂದು ಜಾಗದಲ್ಲಿ ಇದ್ದಕ್ಕಿದ್ದಂತೆ ಹಗುರಾಗುತ್ತದೆ, ಅದನ್ನು ದಾಟಿದರೆ ಭಾರ ನಿಮ್ಮ ಮೇಲೆ ಬರತೊಡಗುತ್ತದೆ. ಆ ಹಗುರಾದ ಜಾಗವೇ ತೂಕ ಸಮನಾಗುವ ಬಿಂದು. ಕೂತವರ ದೇಹ, ಸೀಟಿನ ಎತ್ತರ, ಗಾಲಿಯ ಸ್ಥಾನ ಬದಲಾದಂತೆ ಅದೂ ಬದಲಾಗುವುದರಿಂದ ಒಬ್ಬರ ಕುರ್ಚಿಯಲ್ಲಿ ಕಲಿತದ್ದನ್ನು ಇನ್ನೊಬ್ಬರ ಕುರ್ಚಿಗೆ ಹಾಗೆಯೇ ಹಚ್ಚಲಾಗದು; ಹೊಸ ಕುರ್ಚಿಯನ್ನು ಹಿಡಿದಾಗಲೆಲ್ಲ ಸಮತಟ್ಟಾದ ನೆಲದಲ್ಲಿ ಒಮ್ಮೆ ವಾಲಿಸಿ ಆ ಬಿಂದುವನ್ನು ಕೈಯಿಂದ ಹುಡುಕಿಕೊಳ್ಳಬೇಕು.

ನಿಮ್ಮ ಮೊಣಕಾಲು ತುಸು ಮಡಚಿರಲಿ, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇರಲಿ, ಬೆನ್ನು ನೆಟ್ಟಗಿರಲಿ. ಇಳಿಸುವಾಗ ಕ್ಯಾಸ್ಟರುಗಳನ್ನು ಧೊಪ್ಪನೆ ಬಿಡದೆ, ಪಾದವನ್ನು ಪೈಪಿನ ಮೇಲಿಟ್ಟುಕೊಂಡೇ ನಿಧಾನವಾಗಿ ನೆಲಕ್ಕೆ ಮುಟ್ಟಿಸಿ. ಒಂದು ವೇಳೆ ಕುರ್ಚಿ ಹಿಂದಕ್ಕೆ ಬಿದ್ದೇ ಬೀಳುವಂತಾದರೆ ಅದನ್ನು ಸೆಳೆದು ನಿಲ್ಲಿಸಲು ಹೆಣಗಬೇಡಿ. ಹಿಡಿಕೆ ಬಿಡದೆ ನೀವೇ ಕುಕ್ಕರಗಾಲಿನಲ್ಲಿ ಕೂರುತ್ತ ಕುರ್ಚಿಯನ್ನು ಮೆಲ್ಲಗೆ ನೆಲಕ್ಕೆ ಒರಗಿಸಿ. ಕೂತವರು ಗದ್ದವನ್ನು ಎದೆಗೆ ಒತ್ತಿಕೊಂಡರೆ ತಲೆಗೆ ಪೆಟ್ಟಾಗುವ ಸಂಭವ ಕಡಿಮೆ. ಇದನ್ನು ಅವರಿಗೆ ಮೊದಲೇ ಹೇಳಿರಬೇಕು.

ಹಂತ 4. ಫುಟ್‌ಪಾತ್ ಹತ್ತಿಸುವುದು

ನಿಯಮದಂತೆ ಕಟ್ಟಿದ ಫುಟ್‌ಪಾತಿನ ಅಂಚು 15 ಸೆಂ.ಮೀ. ಮೀರಬಾರದು. ಆದರೆ ನಮ್ಮ ಪೇಟೆಗಳಲ್ಲಿ ಬಹಳಷ್ಟು ಕಡೆ ಫುಟ್‌ಪಾತ್ ಎಂದರೆ ಗಟಾರದ ಮೇಲೆ ಹಾಸಿದ ಚಪ್ಪಡಿಯೇ, ಅದರ ಎತ್ತರ ಒಂದು ಅಡಿಯವರೆಗೂ ಹೋಗುತ್ತದೆ. ಒಂದು ಗೇಣಿಗಿಂತ ಎತ್ತರವಿದ್ದರೆ ಒಬ್ಬರೇ ಪ್ರಯತ್ನಿಸಬೇಡಿ. ಇಳಿಜಾರು ಇರುವ ಕಡೆ ಸುತ್ತಿ ಹೋಗುವುದೇ ಲೇಸು.

ಅಂಚಿಗೆ ನೇರವಾಗಿ, ಓರೆಯಾಗದಂತೆ ಕುರ್ಚಿಯನ್ನು ತಂದು ಒಂದು ಗೇಣು ದೂರದಲ್ಲಿ ನಿಲ್ಲಿಸಿ. ಹೇಳಿ, ವಾಲಿಸಿ. ಕ್ಯಾಸ್ಟರುಗಳು ಅಂಚಿಗಿಂತ ಮೇಲೆ ಬಂದಾಗ ಹಾಗೆಯೇ ಮುಂದಕ್ಕೆ ನಡೆಸಿ, ಅವು ಕಟ್ಟೆಯ ಒಳಗೆ ಸಾಕಷ್ಟು ಹೋದ ಮೇಲೆ ಮೆಲ್ಲಗೆ ಇಳಿಸಿ. ಈಗ ಮುಂದಿನ ಗಾಲಿಗಳು ಮೇಲೆ, ಹಿಂದಿನವು ರಸ್ತೆಯಲ್ಲಿ. ಎರಡೂ ಹಿಂದಿನ ಗಾಲಿಗಳು ಏಕಕಾಲಕ್ಕೆ ಅಂಚಿಗೆ ತಾಗುವವರೆಗೆ ಮುಂದೆ ತನ್ನಿ. ಒಂದು ಗಾಲಿ ಮೊದಲು ಏರಿದರೆ ಕುರ್ಚಿ ಪಕ್ಕಕ್ಕೆ ವಾಲುತ್ತದೆ, ಆದ್ದರಿಂದ ಇಲ್ಲಿ ಅವಸರ ಮಾಡಬೇಡಿ. ನಂತರ ನಿಮ್ಮ ತೊಡೆಯನ್ನು ಕುರ್ಚಿಯ ಬೆನ್ನಿಗೆ ಆನಿಸಿ, ಮಡಚಿದ ಮೊಣಕಾಲುಗಳನ್ನು ನೆಟ್ಟಗೆ ಮಾಡುತ್ತ, ಹಿಡಿಕೆಗಳನ್ನು ಮುಂದಕ್ಕೂ ಮೇಲಕ್ಕೂ ಒತ್ತಿ. ಗಾಲಿಯನ್ನು ಎತ್ತುವುದಲ್ಲ, ಅಂಚಿನ ಮೇಲೆ ಉರುಳಿಸುವುದು. ಕೂತವರಿಗೆ ಸಾಧ್ಯವಿದ್ದರೆ ಆ ಕ್ಷಣಕ್ಕೆ ತುಸು ಮುಂದಕ್ಕೆ ಬಾಗಲಿ. ಭಾರ ಹಿಂದಿನ ಗಾಲಿಯಿಂದ ಸರಿದು ಕೆಲಸ ಹಗುರಾಗುತ್ತದೆ.

ಇಲ್ಲಿ ಜನ ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ದೂರದಿಂದ ಓಡಿಬಂದು ವೇಗದಲ್ಲಿ ಹತ್ತಿಸಲು ನೋಡುವುದು. ಮೋಟರ್‌ಸೈಕಲ್ಲಿಗೆ ಅದು ನಡೆಯುತ್ತದೆ. ಗಾಲಿಕುರ್ಚಿಯಲ್ಲಿ ಕ್ಯಾಸ್ಟರಿನ ಕವಲು ಬಾಗುತ್ತದೆ, ಕೂತವರ ಕಾಲು ಕಟ್ಟೆಗೆ ಹೊಡೆಯುತ್ತದೆ.

ಮನೆಯ ಹೊಸ್ತಿಲಿಗೂ ಇದೇ ಕ್ರಮ. ಒಂದೇ ಪಾವಟಿಗೆಯ ಎತ್ತರ ಹೆಚ್ಚಿದ್ದು ಇಬ್ಬರು ಇದ್ದರೆ, ಕುರ್ಚಿಯ ಬೆನ್ನನ್ನು ಬಾಗಿಲಿಗೆ ಮಾಡಿ ಒಬ್ಬರು ಮೇಲೆ ನಿಂತು ಹಿಂದಿನ ಗಾಲಿಗಳನ್ನು ಎಳೆದುಕೊಳ್ಳುವುದೂ, ಇನ್ನೊಬ್ಬರು ಮುಂದಿನ ಚೌಕಟ್ಟನ್ನು ಹಿಡಿದು ಮೇಲೆ ನೂಕುವುದೂ ಸುಲಭ.

ಹಂತ 5. ಫುಟ್‌ಪಾತಿನಿಂದ ಇಳಿಸುವುದು

ಬೆನ್ನು ರಸ್ತೆಗೆ ಮಾಡಿ ಇಳಿಸುವಾಗ ನಿಮ್ಮ ಬೆನ್ನೂ ವಾಹನಗಳ ಕಡೆಗಿರುತ್ತದೆ, ಇದೊಂದೇ ಈ ವಿಧಾನದ ದೋಷ. ಆದ್ದರಿಂದ ತಿರುವಿನಲ್ಲಿ, ಆಟೋ ನಿಲ್ಲುವ ಜಾಗದಲ್ಲಿ, ಹುಬ್ಬಳ್ಳಿಯ ದುರ್ಗದಬೈಲಿನಂಥ ದಟ್ಟಣೆಯ ಮಾರುಕಟ್ಟೆಯ ಬಾಯಲ್ಲಿ ಇಳಿಸಬೇಡಿ. ಎರಡೂ ಕಡೆಯಿಂದ ನೀವು ಕಾಣುವಂಥ ನೇರ ಜಾಗವನ್ನು ಆರಿಸಿ, ಸಾಧ್ಯವಾದರೆ ಒಬ್ಬರನ್ನು ರಸ್ತೆ ನೋಡಲು ನಿಲ್ಲಿಸಿಕೊಳ್ಳಿ.

ಕುರ್ಚಿಯನ್ನು ತಿರುಗಿಸಿ ಅಂಚಿಗೆ ನೇರ ಮಾಡಿ. ಮೊದಲು ನೀವು ಇಳಿಯಿರಿ. ತೊಡೆಯನ್ನು ಕುರ್ಚಿಯ ಬೆನ್ನಿಗೆ ಒತ್ತಿ ಹಿಡಿದು, ಎರಡೂ ದೊಡ್ಡ ಗಾಲಿಗಳು ಒಟ್ಟಿಗೆ ಅಂಚಿನ ಮೇಲೆ ಉರುಳಿ ಕೆಳಗೆ ಬರುವಂತೆ ಭಾರವನ್ನು ತಾಳುತ್ತ ಬಿಡಿ. ದೊಡ್ಡ ಗಾಲಿ ನೆಲ ಮುಟ್ಟಿತೆಂದರೆ ಕೆಲಸ ಮುಗಿಯಿತೆಂದು ಹೆಚ್ಚಿನವರು ತಿಳಿಯುತ್ತಾರೆ. ಪೆಟ್ಟಾಗುವುದು ಇದರ ನಂತರವೇ. ಕ್ಯಾಸ್ಟರುಗಳು ಇನ್ನೂ ಮೇಲಿವೆ. ಹಾಗೆಯೇ ಹಿಂದಕ್ಕೆ ಎಳೆದರೆ ಅವು ಧಡ್ ಎಂದು ಬಿದ್ದು ಕೂತವರು ಮುಂದಕ್ಕೆ ಎಸೆಯಲ್ಪಡುತ್ತಾರೆ. ಬದಲಿಗೆ ಕುರ್ಚಿಯನ್ನು ತುಸು ವಾಲಿಸಿಕೊಂಡೇ ಹಿಂದಕ್ಕೆ ಸರಿಯಿರಿ, ಕೂತವರ ಪಾದಗಳು ಕಟ್ಟೆಯ ಅಂಚನ್ನು ಪೂರ್ತಿ ದಾಟಿ ಬರಲಿ, ಆಮೇಲೆ ಇಳಿಸಿ, ಅದಾದ ಮೇಲಷ್ಟೇ ತಿರುಗಿಸಿ. ಪಾದಗಳು ದಾಟುವ ಮೊದಲೇ ತಿರುಗಿಸಿದರೆ ಬೆರಳುಗಳು ಕಲ್ಲಿಗೆ ಉಜ್ಜುತ್ತವೆ. ಕಾಲಿನಲ್ಲಿ ಸ್ಪರ್ಶವಿಲ್ಲದವರಿಗೆ ಅದು ಮನೆಗೆ ಬಂದು ಚಪ್ಪಲಿ ಬಿಚ್ಚಿದಾಗಲೇ ಗೊತ್ತಾಗುವುದು.

ಹಿಂದಿನ ಎರಡು ಗಾಲಿಗಳ ಮೇಲೆ ತೂಗಿಸಿಕೊಂಡು ಮುಖ ಮುಂದಾಗಿಯೇ ಇಳಿಸುವವರಿದ್ದಾರೆ. ಪಳಗಿದ ಕೈಗೆ, ಹಗುರ ದೇಹಕ್ಕೆ, ಗಿಡ್ಡ ಅಂಚಿಗೆ ಅದು ಸರಿ. ಓದಿ ಕಲಿಯುವ ವಿದ್ಯೆ ಅದಲ್ಲ.

ಹಂತ 6. ಏರು ಮತ್ತು ಇಳಿಜಾರು

ಗಾಲಿಕುರ್ಚಿಗೆ ತಕ್ಕ ಇಳಿಜಾರೆಂದರೆ 12ಕ್ಕೆ 1, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಕೂತವರು 60 ಕೆ.ಜಿ., ಕಬ್ಬಿಣದ ಮಡಚುವ ಕುರ್ಚಿ 18 ಕೆ.ಜಿ. ಎಂದಿಟ್ಟುಕೊಂಡರೆ, ಈ ಇಳಿಜಾರಿನಲ್ಲಿ ಕುರ್ಚಿ ಹಿಂದಕ್ಕೆ ಉರುಳದಂತೆ ತಡೆಯುವುದಕ್ಕೇ ಆರೂವರೆ ಕೆ.ಜಿ.ಯಷ್ಟು ಬಲ ಸತತವಾಗಿ ಬೇಕು. ನಮ್ಮ ಮನೆಗಳ ಮುಂದೆ ಗಟಾರದ ಮೇಲೆ ಸ್ಕೂಟರ್ ಹತ್ತಿಸಲು ಸಿಮೆಂಟಿನಲ್ಲಿ ಮಾಡಿಸಿರುವ ಗಿಡ್ಡ ಇಳಿಜಾರು ಎಷ್ಟೋ ಕಡೆ 4ಕ್ಕೆ 1ರಷ್ಟು ಕಡಿದಾಗಿರುತ್ತದೆ; ಅಲ್ಲಿ ಅದೇ ಬಲ 19 ಕೆ.ಜಿ.ಗೆ ಏರುತ್ತದೆ. “ರ‍್ಯಾಂಪ್ ಐತಲ್ರೀ, ಹತ್ತಸ್ರಿ” ಎಂದು ಯಾರಾದರೂ ಅಂದರೆ ಮೊದಲು ಅದರ ಉದ್ದವನ್ನು ನೋಡಿ. ಹೊಸದಾಗಿ ಮಾಡಿಸುವವರು ಅಗಲ 90 ಸೆಂ.ಮೀ.ಗೆ ಕಡಿಮೆಯಾಗದಂತೆ, ಮೇಲ್ಮೈ ನುಣುಪಾಗದೆ ಅಡ್ಡಗೆರೆ ಎಳೆದು ಒರಟಾಗಿರುವಂತೆ, ಬದಿಗೆ ಗಾಲಿ ಜಾರದಂಥ ಒಂದು ಗಿಡ್ಡ ದಂಡೆ ಇರುವಂತೆ ಗೌಂಡಿಗೆ ಹೇಳಬೇಕು.

ಏರು ಹತ್ತುವಾಗ ಮುಖ ಮುಂದೆ. ನೀವು ಮುಂದಕ್ಕೆ ಬಾಗಿ, ತೋಳು ನೆಟ್ಟಗಿಟ್ಟು, ಚಿಕ್ಕ ಹೆಜ್ಜೆ ಹಾಕಿ. ಇಳಿಯುವಾಗ ಕಡಿದಾದ ಇಳಿಜಾರಾದರೆ ಬೆನ್ನು ಮುಂದೆ. ನೀವು ಕೆಳಗಿನ ಬದಿಯಲ್ಲಿ ನಿಂತು ಪ್ರತಿ ನಾಲ್ಕಾರು ಹೆಜ್ಜೆಗೆ ಹಿಂತಿರುಗಿ ನೋಡುತ್ತ ಇಳಿಯಿರಿ. ಹುಬ್ಬಳ್ಳಿಯ ನೃಪತುಂಗ ಬೆಟ್ಟದಂಥ ಉದ್ದದ ಏರಿನಲ್ಲಿ ದಣಿವಾಗುವುದು ಸಹಜ. ನಿಲ್ಲುವಾಗ ಕುರ್ಚಿಯನ್ನು ಇಳಿಜಾರಿಗೆ ಅಡ್ಡ ತಿರುಗಿಸಿ, ಎರಡೂ ಬ್ರೇಕ್ ಹಾಕಿ, ಆದರೂ ಒಂದು ಕೈ ಹಿಡಿಕೆಯ ಮೇಲಿರಲಿ. ಸೈಕಲ್ ಸವಾರರಂತೆ ಅಂಕುಡೊಂಕಾಗಿ ಹತ್ತಲು ಹೋಗಬೇಡಿ. ಪ್ರತಿ ತಿರುವಿನಲ್ಲೂ ಕುರ್ಚಿ ಪಕ್ಕಕ್ಕೆ ಉರುಳುವ ಸಂಭವವಿದೆ.

ರಸ್ತೆಯ ಅಂಚು ನೀರು ಹರಿಯಲೆಂದು ಗಟಾರದ ಕಡೆಗೆ ವಾಲಿರುತ್ತದೆ. ಅಂಥಲ್ಲಿ ಕುರ್ಚಿ ತಾನಾಗಿ ತಗ್ಗಿನ ಕಡೆಗೆ ತಿರುಗುತ್ತದೆ. ಆಗ ತಗ್ಗಿನ ಬದಿಯ ಹಿಡಿಕೆಯನ್ನು ಹೆಚ್ಚು ನೂಕಿದರೆ ನೇರ ಹೋಗುತ್ತದೆ.

ಹಂತ 7. ಗಟಾರದ ಜಾಲರಿ, ರೈಲು ಹಳಿ, ಹಂಪು

ಮೂರಕ್ಕೂ ಒಂದೇ ನಿಯಮ: ಅಡ್ಡಿಗೆ ಲಂಬವಾಗಿ, ಕ್ಯಾಸ್ಟರನ್ನು ಎತ್ತಿ ಅಥವಾ ಹಗುರ ಮಾಡಿ. ಕಬ್ಬಿಣದ ಜಾಲರಿಯ ಸರಳುಗಳು ನೀವು ಹೋಗುವ ದಿಕ್ಕಿನಲ್ಲೇ ಇದ್ದರೆ ಸಂದಿಯಲ್ಲಿ ಕ್ಯಾಸ್ಟರ್ ಪೂರ್ತಿ ಇಳಿದುಬಿಡುತ್ತದೆ, ಹಾಗಿದ್ದಾಗ ವಾಲಿಸಿ ದೊಡ್ಡ ಗಾಲಿಗಳ ಮೇಲೆಯೇ ದಾಟಿ.

ಲೆವೆಲ್ ಕ್ರಾಸಿಂಗಿನಲ್ಲಿ ಹಳಿಯ ಒಳಬದಿಗೆ ರೈಲಿನ ಗಾಲಿಯ ಅಂಚಿಗೆಂದು ಸುಮಾರು 5 ಸೆಂ.ಮೀ. ಅಗಲದ ಕಾಲುವೆ ಬಿಟ್ಟಿರುತ್ತಾರೆ, ನಮ್ಮ ಕ್ಯಾಸ್ಟರಿನ ಅಗಲ 3 ಸೆಂ.ಮೀ. ಆಸುಪಾಸು. ಓರೆಯಾಗಿ ದಾಟಿದರೆ ಕ್ಯಾಸ್ಟರ್ ತಿರುಗಿ ಅದರೊಳಗೆ ಕೂರುತ್ತದೆ. ಗೇಟ್ ತೆರೆದ ಕೂಡಲೇ ನುಗ್ಗುವ ವಾಹನಗಳೆಲ್ಲ ಹೋಗಲಿ. ಮುಂದಿನ ದಾರಿ ಪೂರ್ತಿ ಖಾಲಿಯಾದ ಮೇಲೆ, ವಾಲಿಸಿದ ಸ್ಥಿತಿಯಲ್ಲಿ, ಹಳಿಗೆ ನೇರವಾಗಿ, ನಡುವೆ ನಿಲ್ಲದೆ ದಾಟಿ. ಸಿಕ್ಕಿಕೊಂಡರೆ ಮುಂದಕ್ಕೆ ನೂಕುತ್ತ ನಿಲ್ಲಬೇಡಿ, ವಾಲಿಸಿ ಹಿಂದಕ್ಕೆ ಎಳೆಯಿರಿ.

ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ಸಿನ ನಿಲ್ದಾಣಗಳಲ್ಲಿ ವೇದಿಕೆಯನ್ನು ಬಸ್ಸಿನ ನೆಲದ ಮಟ್ಟಕ್ಕೆ ಏರಿಸಿ ಕಟ್ಟಿರುವುದರಿಂದ ಹತ್ತುವುದು ಸುಲಭ, ಆದರೆ ವೇದಿಕೆಗೂ ಬಸ್ಸಿಗೂ ನಡುವಿನ ಸಂದಿಯನ್ನು ಹಳಿಯ ಕಾಲುವೆಯಂತೆಯೇ ಕಾಣಬೇಕು. ಬೆನ್ನು ಮುಂದಾಗಿ, ದೊಡ್ಡ ಗಾಲಿಗಳನ್ನು ಮೊದಲು ಒಳಗೆ ತೆಗೆದುಕೊಳ್ಳಿ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 2023ರಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮಿನ ಉದ್ದ 1,507 ಮೀಟರ್. ಬೋಗಿ ಎಲ್ಲಿ ನಿಲ್ಲುತ್ತದೆಂದು ಮೊದಲೇ ವಿಚಾರಿಸದಿದ್ದರೆ ಗಾಡಿ ಬಂದ ಮೇಲೆ ಕುರ್ಚಿಯನ್ನು ಓಡಿಸಬೇಕಾಗುತ್ತದೆ, ಓಡಿಸುವುದೇ ಅಪಘಾತದ ಮೂಲ. ಕಾಯುವಾಗ ಕುರ್ಚಿಯನ್ನು ಹಳಿಗೆ ಮುಖ ಮಾಡಿ ನಿಲ್ಲಿಸದೆ, ಹಳಿಗೆ ಸಮಾನಾಂತರವಾಗಿ, ಅಂಚಿನಿಂದ ದೂರ, ಬ್ರೇಕ್ ಹಾಕಿ ನಿಲ್ಲಿಸಿ.

ಹಂತ 8. ಎರೆಮಣ್ಣು, ಗರಸು, ಖಡಿ

ನವಲಗುಂದ, ನರಗುಂದ, ರೋಣದ ಕಡೆಯ ಓದುಗರು ಕೇಳುವುದೆಲ್ಲ ಇದನ್ನೇ. ಎರೆಮಣ್ಣು, ಅಂದರೆ ಕಪ್ಪುಮಣ್ಣು, ನೀರು ಕುಡಿದಾಗ ಉಬ್ಬಿ ಅಂಟಾಗುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಮಳೆಗಾಲದಲ್ಲಿ ಒಂದು ಕಷ್ಟ, ಬೇಸಿಗೆಯಲ್ಲಿ ಇನ್ನೊಂದು. ಧಾರವಾಡದ ಪಡುವಣಕ್ಕೆ, ಕಲಘಟಗಿ, ಹಾನಗಲ್ ಕಡೆಯ ಕೆಂಪುಮಣ್ಣಿನಲ್ಲಿ ಗಾಲಿ ಜಾರಬಹುದು, ಆದರೆ ಎರೆಯಂತೆ ಹಿಡಿದುಕೊಳ್ಳುವುದಿಲ್ಲ.

ಹಸಿ ಎರೆಯಲ್ಲಿ ನಾಲ್ಕು ಮಾರು ಹೋಗುವುದರೊಳಗೆ ಮಣ್ಣು ಟೈರಿಗೆ ಪದರಪದರವಾಗಿ ಅಂಟಿ, ಕ್ಯಾಸ್ಟರಿನ ಕವಲಿನೊಳಗೆ ತುಂಬಿ, ಗಾಲಿ ಉರುಳುವುದನ್ನು ಬಿಟ್ಟು ಉಳುಮೆ ಮಾಡತೊಡಗುತ್ತದೆ. ಮುಂದಕ್ಕೆ ನೂಕಿದಷ್ಟೂ ಕ್ಯಾಸ್ಟರ್ ಆಳಕ್ಕೆ ಇಳಿಯುತ್ತದೆ. ಕುರ್ಚಿಯನ್ನು ತಿರುಗಿಸಿ, ಹಿಂದಕ್ಕೆ ವಾಲಿಸಿ, ದೊಡ್ಡ ಗಾಲಿಗಳ ಮೇಲೆ ಎಳೆದುಕೊಂಡು ಹೋಗುವುದೊಂದೇ ದಾರಿ. ಇಬ್ಬರಿದ್ದರೆ ಒಬ್ಬರು ಮುಂದಿನ ಚೌಕಟ್ಟನ್ನು ಎತ್ತಿ ಹಿಡಿದು ನಡೆಯಲಿ. ಹೊಲದ ದಾರಿಯಿಂದ ಮನೆಯವರೆಗಿನ ತುಂಡು ಜಾಗ ನಿತ್ಯವೂ ದಾಟಬೇಕಾದದ್ದಾದರೆ, ಮಳೆಗಾಲಕ್ಕೆ ಮೊದಲೇ ಅಲ್ಲಿ ಗರಸು ಹಾಕಿಸಿ ಚೆನ್ನಾಗಿ ದಮ್ಮಸು ಮಾಡಿಸಿ. ತಾತ್ಪೂರ್ತಿಕವಾಗಿ ಒಂದರ ಮೇಲೊಂದು ತುಸು ಏರುವಂತೆ ಗೋಣಿತಾಟುಗಳನ್ನು ಹಾಸಿದರೂ ಒಂದು ಸಲದ ಓಡಾಟಕ್ಕೆ ಆಗುತ್ತದೆ. ಜೊತೆಗೊಂದು ಗಟ್ಟಿ ಕಟ್ಟಿಗೆಯ ತುಂಡಿರಲಿ, ಕವಲಿನೊಳಗಿನ ಮಣ್ಣನ್ನು ಕೆತ್ತಿ ತೆಗೆಯಲು. ಕೈಬೆರಳು ಹಾಕಬೇಡಿ. ಮಣ್ಣು ಮೆತ್ತಿದ ಟೈರಿನ ಮೇಲೆ ಬ್ರೇಕು ಹಿಡಿಯುವುದಿಲ್ಲ ಎಂಬುದನ್ನೂ ಮರೆಯಬೇಡಿ.

ಬೇಸಿಗೆಯ ಬಿರುಕುಗಳನ್ನು ಹಳಿಯ ಕಾಲುವೆಯಂತೆ ಅಡ್ಡಲಾಗಿ ದಾಟಬೇಕು. ಸಡಿಲ ಗರಸು ಮತ್ತು ಖಡಿಯಲ್ಲಿ ಸಣ್ಣ ದೂರವಾದರೆ ವಾಲಿಸಿ ಮುಂದಕ್ಕೆ, ಉದ್ದ ದೂರವಾದರೆ ಬೆನ್ನು ಮುಂದಾಗಿ ಎಳೆಯುವುದು ಸರಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕುರ್ಚಿಯ ಕಬ್ಬಿಣದ ಭಾಗಗಳನ್ನು ಮುಟ್ಟಿ ನೋಡಿಯೇ ಕೂರಿಸಿ. ಸ್ಪರ್ಶಜ್ಞಾನವಿಲ್ಲದ ಕಾಲು ಕಾದ ಹಲಗೆಯ ಮೇಲೆ ಸುಟ್ಟರೂ ಅವರಿಗೆ ತಿಳಿಯದು.

ಹಂತ 9. ಮೆಟ್ಟಿಲು: ಎತ್ತಲೇಬೇಕಾದಾಗ

ಲಕ್ಕುಂಡಿಯಲ್ಲಿರುವಂತೆ ಎತ್ತರದ ಜಗತಿಯ ಮೇಲೆ ನಿಂತ ಗುಡಿಗಳಿಗೆ, ಹಳೆಯ ಕಚೇರಿಗಳಿಗೆ ಮೆಟ್ಟಿಲೇ ದಾರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಪ್ರವೇಶಯೋಗ್ಯವಾಗಿರಬೇಕೆಂದು ಹೇಳುತ್ತದೆ. ಹಾಗಾಗಿ ಕಚೇರಿಯಲ್ಲಿ ಮೊದಲು ಇಳಿಜಾರು ಎಲ್ಲಿದೆ ಎಂದು ಕೇಳಿ, ಇಲ್ಲವಾದರೆ ಅಧಿಕಾರಿಯೇ ಕೆಳಗೆ ಬರಲೆಂದು ಕೇಳುವುದರಲ್ಲಿ ಸಂಕೋಚ ಬೇಡ.

ಎತ್ತಲೇಬೇಕಾದರೆ ಕನಿಷ್ಠ ಇಬ್ಬರು, ಭಾರದವರಾದರೆ ಮೂವರು. ಒಬ್ಬರೇ ನೂಕುವಾಗಿನ ನಿಯಮ ಇಲ್ಲಿ ನಡೆಯದು: ಹತ್ತುವಾಗಲೂ ಇಳಿಯುವಾಗಲೂ ಕುರ್ಚಿಯ ಬೆನ್ನು ಮೇಲ್ಬದಿಗೆ, ಕೂತವರ ಮುಖ ಕೆಳಬದಿಗೆ ಇರುತ್ತದೆ. ಬಲಿಷ್ಠರು ಮೇಲ್ಬದಿಯಲ್ಲಿ ಹಿಡಿಕೆಗಳನ್ನು ಹಿಡಿದು ಕುರ್ಚಿಯನ್ನು ವಾಲಿಸಿಟ್ಟುಕೊಳ್ಳಬೇಕು, ಇನ್ನೊಬ್ಬರು ಕೆಳಬದಿಯಲ್ಲಿ ಕುರ್ಚಿಗೆ ಮುಖ ಮಾಡಿ ಮುಂದಿನ ಚೌಕಟ್ಟಿನ ಪೈಪನ್ನು ಹಿಡಿಯಬೇಕು. ಬ್ರೇಕ್ ತೆಗೆದಿರಲಿ. ಕುರ್ಚಿಯನ್ನು ಗಾಳಿಯಲ್ಲಿ ಹೊತ್ತು ಸಾಗುವುದಲ್ಲ. ಪ್ರತಿ ಮೆಟ್ಟಿಲಿಗೂ ದೊಡ್ಡ ಗಾಲಿಗಳನ್ನು ಉರುಳಿಸಿ, ಅಲ್ಲಿ ಕೂರಿಸಿ, ಉಸಿರು ತೆಗೆದುಕೊಂಡು, “ಒಂದು, ಎರಡು, ಹೂಂ” ಎಂದು ಒಬ್ಬರೇ ಎಣಿಸಿ ಮುಂದಿನದಕ್ಕೆ.

ನಮ್ಮ ಕಡೆ ಸಹಾಯಕ್ಕೆ ಜನ ಸಿಗುವುದು ಕಷ್ಟವಲ್ಲ, ಸಿಕ್ಕ ಜನರನ್ನು ನಿಭಾಯಿಸುವುದೇ ಕಷ್ಟ. “ಹಿಡೀರಿ, ಹಿಡೀರಿ” ಎನ್ನುತ್ತ ನಾಲ್ಕು ಜನ ಬಂದು ಒಬ್ಬರು ತೋಳಾಸರೆ, ಒಬ್ಬರು ಕಾಲಿಡುವ ಹಲಗೆ, ಒಬ್ಬರು ಗಾಲಿ ಹಿಡಿಯುತ್ತಾರೆ. ತೋಳಾಸರೆ ಮತ್ತು ಹಲಗೆ ಅನೇಕ ಕುರ್ಚಿಗಳಲ್ಲಿ ಕಳಚಿ ಬರುವ ಭಾಗಗಳು. ಗಾಲಿಯಂತೂ ಕೈಯಲ್ಲೇ ತಿರುಗುತ್ತದೆ. ಯಾರೂ ಮುಟ್ಟುವ ಮೊದಲು ಎಲ್ಲಿ ಹಿಡಿಯಬೇಕೆಂದು ಬೆರಳಿಟ್ಟು ತೋರಿಸಿ, “ನಾ ಹೇಳೂತನಕ ಎತ್ತಬ್ಯಾಡ್ರಿ” ಎಂದು ಸ್ಪಷ್ಟವಾಗಿ ಹೇಳಿ.

ಹಂತ 10. ತಾವೇ ನಡೆಸಿಕೊಳ್ಳುವವರಿಗೆ

ಏರಿನಲ್ಲಿ ಮುಂದಕ್ಕೆ ಬಾಗಿ, ಗಾಲಿಯ ಹೊರಬಳೆಯನ್ನು ಚಿಕ್ಕದಾಗಿ, ಬೇಗಬೇಗ ನೂಕಿ. ಇಳಿಜಾರಿನಲ್ಲಿ ಬಳೆಯನ್ನು ಬಿಗಿಯಾಗಿ ಹಿಡಿಯದೆ ಅಂಗೈಯ ನಡುವೆ ಜಾರಲು ಬಿಟ್ಟು ಒತ್ತಡದಿಂದ ವೇಗ ತಡೆಯಿರಿ. ಕೈಗವಸು ಇಲ್ಲದಿದ್ದರೆ ಚರ್ಮ ಸುಲಿಯುತ್ತದೆ. ಗಿಡ್ಡ ಅಂಚನ್ನು ಒಬ್ಬರೇ ಇಳಿಯುವುದಾದರೆ ಬೆನ್ನು ಮುಂದಾಗಿ, ದೇಹವನ್ನು ಪೂರ್ತಿ ಮುಂದಕ್ಕೆ ಬಾಗಿಸಿ ಇಳಿಯಬೇಕು. ಕ್ಯಾಸ್ಟರನ್ನು ತಾವೇ ಎತ್ತುವ ಅಭ್ಯಾಸವನ್ನು ಹಿಂದೆ ಒಬ್ಬರನ್ನು ನಿಲ್ಲಿಸಿಕೊಂಡು ಮಾತ್ರ ಮಾಡಿ. ಹಳ್ಳಿಗಳಲ್ಲಿರುವವರು ಇದನ್ನು ಕಲಿಯುವ ಬಗ್ಗೆ ತಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಬಹುದು.

ಹಂತ 11. ಮನೆಗೆ ಬಂದ ಮೇಲೆ

ಮಣ್ಣು ಒಣಗುವ ಮೊದಲೇ ಒದ್ದೆ ಬಟ್ಟೆಯಿಂದ ಗಾಲಿ ಒರೆಸಿ. ಕ್ಯಾಸ್ಟರಿನ ಅಚ್ಚಿಗೆ ಸುತ್ತಿಕೊಂಡ ಕೂದಲು, ದಾರ, ಸಂತೆಯ ಪ್ಲಾಸ್ಟಿಕ್ ಚೂರುಗಳನ್ನು ಬಿಡಿಸಿ. ನೀರಿನ ಪೈಪು ಹಿಡಿದು ಜೋರಾಗಿ ತೊಳೆದರೆ ಬೇರಿಂಗಿನೊಳಗೆ ನೀರು ಹೋಗಿ ತುಕ್ಕು ಹಿಡಿಯುತ್ತದೆ. ಕಡ್ಡಿ ಸಡಿಲಾಗಿದ್ದರೆ, ಟ್ಯೂಬ್ ತೂತಾಗಿದ್ದರೆ ಸೈಕಲ್ ರಿಪೇರಿಯವರೇ ಸರಿಮಾಡುತ್ತಾರೆ. ಆದರೆ ಹೊಸ ಟೈರ್ ತರಲು ಹೋಗುವಾಗ ಬರೀ “24 ಇಂಚು” ಎಂದು ಕೇಳಬೇಡಿ: ಗಾಲಿಕುರ್ಚಿಗೆ ಸಾಮಾನ್ಯವಾಗಿ ಬರುವುದು 24×1⅜ ಅಳತೆ, ಅದರ ರಿಮ್ಮಿನ ಅಂಕಿ (ಮಿ.ಮೀ. ಲೆಕ್ಕದ ವ್ಯಾಸ) 540, ಮಕ್ಕಳ ಸೈಕಲ್ಲಿನ ದಪ್ಪ 24 ಇಂಚಿನ ಟೈರಿನ ಅಂಕಿ 507, ಅದು ಈ ರಿಮ್ಮಿಗೆ ಕೂರುವುದಿಲ್ಲ. ನಿಮ್ಮ ಟೈರಿನ ಪಕ್ಕದಲ್ಲಿರುವ ಅಂಕಿಗಳ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡಿದ್ದರೆ ಅಂಗಡಿಯಲ್ಲಿ ಅದನ್ನೇ ತೋರಿಸಬಹುದು.